ಹನ್ನೊಂದನೇ ಮಹಡಿಯ ಚರಗ

ನಮ್ಮ ಮನೆಗೆಲಸದವಳು ಎಳ್ಳಮಾವಾಸ್ಯೆಗೆ ನಾಲ್ಕು ದಿನ ರಜೆ ಕೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ರಜೆ ಕೇಳಿದ್ದಕ್ಕಲ್ಲ. ಅವಳು ಹೊರಟಿದ್ದು ನಮ್ಮ ಹೊಲಕ್ಕೆ.

ನಮ್ಮದು ಎನ್ನುವ ಹಕ್ಕು ನನಗೀಗ ಇಲ್ಲ, ಗೊತ್ತು. ಯಾದಗಿರಿ ಕಡೆಯ ಆ ಹೊಲವನ್ನು ಅಪ್ಪ ತೀರಿಕೊಂಡ ಮೇಲೆ ನಾನೇ ಊರಿನ ಒಬ್ಬ ವ್ಯಾಪಾರಿಗೆ ಮಾರಿ, ಹೈದರಾಬಾದಿನ ಮಣಿಕೊಂಡದಲ್ಲಿ ಈ ಫ್ಲಾಟ್ ಕೊಂಡೆ. ಕೆಲವು ವರ್ಷ ಕಳೆದು ಆ ವ್ಯಾಪಾರಿ ಅದನ್ನು ಮಾರಿದ್ದು, ಅಪ್ಪನ ಕಾಲದಲ್ಲಿ ಅದೇ ಹೊಲವನ್ನು ಪಾಲಿಗೆ ಮಾಡುತ್ತಿದ್ದವನ ಮಕ್ಕಳಿಗೆ. ಆ ಮಕ್ಕಳಲ್ಲಿ ಒಬ್ಬಳು ಈಗ ನನ್ನ ಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಊರಿನ ಪರಿಚಯ ಹಿಡಿದು ಬಂದವಳನ್ನು ಕೆಲಸಕ್ಕೆ ಇಟ್ಟುಕೊಂಡವಳು ನಾನೇ.

ಅಪ್ಪನಿಗೆ ಇಲ್ಲಿ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ. ನಾನೊಬ್ಬಳೇ ಮಗಳು. ಅದನ್ನು ಅಪ್ಪ ತಮ್ಮ ದೊಡ್ಡ ಶಹಾಣತನ ಎಂಬಂತೆ ಹೇಳಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಊರಿಗೆ ಹೋದಾಗ, ಪಾಲಿನವನ ಗುಡಿಸಲ ಮುಂದೆ ಸಾಲಾಗಿ ನಿಂತ ಏಳು ಮಕ್ಕಳನ್ನು ನೋಡಿ, "ಇಷ್ಟು ಹೊಟ್ಟಿ ಹೆಂಗ ತುಂಬಸ್ತೀಯೋ ಮಾರಾಯ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಏಳೂ ಮಂದಿ ಒಬ್ಬರ ಹಿಂದೊಬ್ಬರು ಮಣಿಕೊಂಡಕ್ಕೆ ಬಂದರು. ಆಗ ಇಲ್ಲಿ ಬಂಡೆ, ಮುಳ್ಳುಕಂಟಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ತಗಡಿನ ಶೆಡ್ಡಿನಲ್ಲಿ ಇದ್ದುಕೊಂಡು, ಒಂದು ಕಟ್ಟಡ ಮುಗಿದರೆ ಇನ್ನೊಂದಕ್ಕೆ ಹೋಗುತ್ತ, ಗಾರೆ ಕಲಸಿದರು, ಇಟ್ಟಿಗೆ ಹೊತ್ತರು, ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕಲಿತರು. ಏಳು ಜನರ ದುಡಿಮೆ ಒಟ್ಟುಗೂಡಿ ಹೊಲ ಬಂತು. ನನಗೂ ಒಬ್ಬ ಅಣ್ಣನೋ ತಮ್ಮನೋ ಇದ್ದಿದ್ದರೆ ನಮ್ಮ ಹೊಲ ನಮಗೇ ಉಳಿಯುತ್ತಿತ್ತೇನೋ ಎಂದು ಈಗೀಗ ಅನ್ನಿಸುತ್ತದೆ. ಅಪ್ಪನ ಮೇಲೆ ಸಿಟ್ಟೂ ಬರುತ್ತದೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಲ್ಕೈದು ಕನ್ನಡದ ಮನೆಗಳಿವೆ. ಹೊಲ ಮಾರಿದ್ದನ್ನು ನಾನು ಅವರಿಗೆ ಹೇಳಿಲ್ಲ. ತೊಗರಿಯ ಮಾತು ಬಂದರೆ "ನಮ್ಮ ಹೊಲದ ಬ್ಯಾಳಿ" ಎನ್ನುವುದು ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಎಳ್ಳಮಾವಾಸ್ಯೆಗೆ ಅವರನ್ನೆಲ್ಲ ಊಟಕ್ಕೆ ಕರೆಯುತ್ತೇನೆ. ಸಜ್ಜೆ ಕಡುಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಮಾಡಿ, ಊರಿನಲ್ಲಾದರೆ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಬೇಕಾದ ಎಡೆಯ ಚರಗವನ್ನು ಬಾಲ್ಕನಿಯ ನಾಲ್ಕು ಹೂಕುಂಡಗಳಿಗೆ ಹಾಕುತ್ತೇವೆ. ಪಾರಿವಾಳಗಳು ಬಂದು ತಿನ್ನುತ್ತವೆ. ಭೂಮಿತಾಯಿಗೆ ಮುಟ್ಟಿತು ಎಂದುಕೊಂಡು ಒಳಗೆ ಬಂದು ಉಣ್ಣುತ್ತೇವೆ.

"ಇಷ್ಟು ಮಂದಿ ಬರೋರಿದ್ದಾರ. ನೀ ಹೋದ್ರ ನಂಗ ಯಾರು ಕೈಗೂಡಸ್ತಾರ?" ಎಂದು ಸಿಡುಕಿದೆ.

"ಎಲ್ಲಾ ಹಸನ ಮಾಡಿಟ್ಟು ಹೋಗ್ತೀನ್ರಿ ಅಕ್ಕಾರ. ಈ ಸಲ ಏಳೂ ಮಂದಿ ಕೂಡಾಕತ್ತೀವ್ರಿ. ನಾ ಒಬ್ಬಾಕಿ ತಪ್ಪಿದ್ರ ಚಂದ ಕಾಣಂಗಿಲ್ಲ."

ಆ ಏಳೂ ಮಂದಿ ಎಂಬ ಮಾತಿಗೇ ನನ್ನ ಮೈ ಉರಿಯಿತು. ಆದರೂ ಬೇಡವೆನ್ನಲು ಬಾಯಿ ಬರಲಿಲ್ಲ. "ಹೋಗಿ ಬಾ. ಫೋನಿನ್ಯಾಗ ಹೊಲಾ ತೋರ್ಸು" ಎಂದೆ.

ಹಬ್ಬದ ದಿನ ನೆರೆಯವರೆಲ್ಲ ಕುಳಿತಿದ್ದಾಗಲೇ ಅವಳ ವಿಡಿಯೋ ಕಾಲ್ ಬಂತು. ಪರದೆಯ ತುಂಬ ಹಸಿರು ಜೋಳ, ಅದರ ಆಚೆ ಒಂದು ಬನ್ನಿ ಮರ. ಹಿಂದೆ ಅಕ್ಕತಂಗಿಯರ, ಅಣ್ಣತಮ್ಮಂದಿರ ನಗು. ಅವಳು ಏನೋ ಹೇಳಲು ಹೊರಟಳು. ನಾನು ಬಿಡಲಿಲ್ಲ. ಫೋನನ್ನು ಎಲ್ಲರ ಕಡೆ ತಿರುಗಿಸಿ, "ನೋಡ್ರಿ, ಇದ ನಮ್ಮ ಹೊಲ. ಆ ಬನ್ನಿ ಗಿಡ ನಮ್ಮಜ್ಜ ಹಚ್ಚಿದ್ದು. ಅದರ ಬುಡದಾಗ ಕೂತು ನಾ ಅಂಬಲಿ ಕುಡೀತಿದ್ದೆ" ಎಂದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರೇ ಬಂತು. ಪಕ್ಕದ ಮನೆಯಾಕೆ ನನ್ನ ಬೆನ್ನು ಸವರಿದರು. ನಾನು ಫೋನಿನಲ್ಲಿದ್ದ ಅವಳಿಗೆ, "ಹೌದಿಲ್ಲೋ? ಹೇಳು" ಎಂದೆ.

ಹಿಂದೆ ನಗಲು ಹೊರಟ ಯಾರಿಗೋ ಬೇಡವೆಂದು ಅವಳ ಕೈ ಸನ್ನೆ ಮಾಡಿದ್ದು ಪರದೆಯಲ್ಲಿ ಕಂಡಿತು.

"ಹೌದ್ರಿ ಅಕ್ಕಾರ, ನಿಮ್ಮ ಹೊಲಾನ ಐತಿ" ಎಂದಳು. ಆಮೇಲೆ ನೆಟ್‌ವರ್ಕ್ ಸಿಗುತ್ತಿಲ್ಲ ಎಂದು ಫೋನ್ ಇಟ್ಟಳು.

ಊರಿನಿಂದ ಬಂದವಳು ಒಂದು ಚೀಲ ಹಸಿ ತೊಗರಿಕಾಯಿ ತಂದಿದ್ದಳು. ಅಡುಗೆಮನೆಯಲ್ಲಿ ಕಾಯಿ ಬಿಡಿಸುತ್ತ ಕುಳಿತಾಗ ಕೇಳಿದೆ, "ಹೊಲಾ ಪೂರಾ ಯಾಕ ತೋರಸ್ಲಿಲ್ಲ?"

"ನಾವು ಇನ್ನೂ ದಾರ್ಯಾಗ ಇದ್ವಿರಿ ಆವಾಗ. ಟ್ರ್ಯಾಕ್ಟರ್ ನಿಂತಿತ್ತು. ಅದು ಬ್ಯಾರೇರ ಹೊಲ. ನಿಮ್ಮ ಹೊಲದಾಗ ಬನ್ನಿ ಗಿಡನ ಇಲ್ರಿ."

"ಹಂಗಾರ ಹೌದು ಅಂತ ಯಾಕಂದಿ?"

"ಬಾಜೂಕ ಮಂದಿ ಕುಂತಿದ್ರಲ್ರಿ" ಎಂದಳು. ತಲೆ ಎತ್ತದೆ ಕಾಯಿ ಬಿಡಿಸುತ್ತಲೇ ಇದ್ದಳು.

ಅಲ್ಲಿಯವರೆಗೆ ನನಗೆ ಅವಳ ಹೊಲ ಕಂಡು ಹೊಟ್ಟೆಕಿಚ್ಚಿತ್ತು, ಅವಳ ಆರು ಜನ ಒಡಹುಟ್ಟಿದವರನ್ನು ಕಂಡು ಇತ್ತು. ಅವತ್ತು ಅದು ಇನ್ನೂ ಹೆಚ್ಚಾಯಿತು. ಅವಳ ಜಾಗದಲ್ಲಿ ನಾನಿದ್ದಿದ್ದರೆ, ಎಲ್ಲರ ಮುಂದೆಯೇ "ಅದಲ್ಲ, ನಮ್ಮದು ಇನ್ನೂ ಮುಂದಿದೆ" ಎಂದು ಹೇಳಿಬಿಡುತ್ತಿದ್ದೆ.