ದೀರ್ಘ ಬಿಟ್ಟ ದೈತ್ಯ

ನನ್ನಕ್ಕ ಇಷ್ಟು ವರ್ಷ ಬರೆದದ್ದು ಬರೀ ಹಲ್ಲುಗಳನ್ನು. ಹಲ್ಲಿನ ಡಾಕ್ಟರುಗಳ ಬೋರ್ಡಿನ ಮೇಲೆ ಮೂವತ್ತೆರಡೂ ಕಾಣುವಂತೆ ನಗುವ ಗಂಡಸು, ನಗುವ ಹೆಂಗಸು, ನಗುವ ಮಗು. ನೆಂಟರಿಷ್ಟರು ಅವಳಿಗೆ ‘ಹಲ್ಲಕ್ಕ’ ಎಂದೇ ಹೆಸರಿಟ್ಟಿದ್ದರು. ಅವಳು ಮುಂದಿನ ಹಲ್ಲಿಗೆ ಬಿಳಿ ಬಳಿಯುತ್ತಿದ್ದಳು, ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಒಂದೇ ಒಂದು ಸಲ ನಗದೇ ಇರೋ ಮುಖ ಬರೀಬೇಕು ಕಣೆ,” ಎಂದು ನನ್ನೊಬ್ಬಳ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಅಂಥ ಕಾಲ ಬಂದೇಬಿಟ್ಟಿತು! ರಾಕ್ಷಸರು, ಮಾಂತ್ರಿಕರು ಕಾದಾಡುವ ಹೊಸದೊಂದು ಕಾರ್ಡಿನ ಆಟ ಮಾಡುತ್ತಿದ್ದವನು ಅವಳ ಬೋರ್ಡು ನೋಡಿ ಒಂದು ಚಿತ್ರ ಕೇಳಿದ. ಆಟಗಾರರಿಗೆ ಹಿಡಿಸಿದರೆ ಮುಂದಿನ ಕಾರ್ಡುಗಳೆಲ್ಲ ಅವಳವು, ಹಿಡಿಸದಿದ್ದರೆ ಮತ್ತದೇ ಹಲ್ಲು. ಮೊಬೈಲಿಗೆ ಬಂದ ಸಂದೇಶ ಇಷ್ಟೇ: ‘ಅಳುವ ದೈತ್ಯ. ಭಾರೀ ಮೀಸೆ ಇರಲಿ.’

ಸುದ್ದಿ ಕೇಳಿ ಅಡುಗೆಮನೆಯ ಬಾಗಿಲಲ್ಲೇ ಗೊಳೋ ಎಂದು ಅತ್ತವರು ನಮ್ಮ ಭಾವ. ಬಸ್ ಡ್ರೈವರು, ಬಾಗಿಲು ತುಂಬುವ ಆಳು, ಅದಕ್ಕೆ ತಕ್ಕ ಮೀಸೆ. ಅಕ್ಕ ಕುಂಚ ಹಿಡಿದು ಅವರನ್ನೇ ದಿಟ್ಟಿಸಿದಳು. ಕೆಂಪಗಾದ ಮೂಗು, ಮೀಸೆಯಲ್ಲಿ ಸಿಕ್ಕಿಕೊಂಡ ಕಣ್ಣೀರು, ಒರೆಸಿಕೊಳ್ಳಲು ಹಿಡಿದ ಅಂಗಿಯ ತುದಿ, ಒಂದನ್ನೂ ಬಿಡಲಿಲ್ಲ.

“ಇದು ನಾನು ಅಂತ ಯಾರಿಗೂ ಹೇಳ್ಬೇಡ ಕಣೇ. ಡಿಪೋದಲ್ಲಿ ಗೊತ್ತಾದ್ರೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತೆ,” ಎಂದು ಭಾವ ಗೋಗರೆದರು.

ಗಡಿಬಿಡಿಯಲ್ಲಿ ಚಿತ್ರ ನೇರ ಅಚ್ಚಿಗೆ ಹೋಯಿತು, ಕಾರ್ಡಿನ ಹೆಸರು ಅಲ್ಲಿಗೆ ಮೊದಲೇ ಹೋಗಿತ್ತು. ಪಂದ್ಯದ ದಿನ ಸಭಾಂಗಣದಲ್ಲಿ ಆಟಗಾರರು ಕಾರ್ಡಿನ ಪೊಟ್ಟಣ ಹರಿದಾಗಲೇ ಆಟದ ಯಜಮಾನನೂ ಕಾರ್ಡು ನೋಡಿದ್ದು. ಮೇಲೆ ‘ಆಳುವ ದೈತ್ಯ’ ಎಂಬ ದಪ್ಪಕ್ಷರ, ಕೆಳಗೆ ಮೂಗೊರೆಸಿಕೊಳ್ಳುತ್ತಿರುವ ದೈತ್ಯ!

“ಏನಮ್ಮಾ ಇದು? ಇವನು ರಾಜ್ಯ ಆಳೋನು!”

ಅಕ್ಕ ಮೊಬೈಲು ಮುಂದೆ ಹಿಡಿದಳು. “ನೀವೇ ನೋಡಿ ಸಾರ್. ದೀರ್ಘ ಎಲ್ಲಿದೆ?”

ಅವನ ಮುಖ ಇಂಗು ತಿಂದ ಮಂಗನದಂತಾಯಿತು. ಸಭಾಂಗಣದ ತುಂಬ ನಗೆ ಎದ್ದಿತು. “ದೈತ್ಯಂಗೆ ನೆಗಡಿಯಾ?” “ಹೆಂಡ್ತಿ ಬೈದಿರ್ಬೇಕು!” ಅವರ ಬಾಯಿಗೆಲ್ಲ ಒಂದೊಂದು ಬೋರ್ಡು ಜಡಿಯಬೇಕು ಎನ್ನಿಸಿತು ನನಗೆ.

ಆಟ ಶುರುವಾಯಿತು. ಮೊದಲ ಮೇಜಿನಲ್ಲಿ ಒಬ್ಬ ಹುಡುಗಿ ದೈತ್ಯನನ್ನು ಇಳಿಸಿದಳು. ಎದುರಿಗಿದ್ದವನು ಮಾಂಸದಂಗಡಿಯವನು, ಗೆಲ್ಲುವ ಕಾರ್ಡು ಅವನ ಕೈಯಲ್ಲೇ ಇತ್ತು. ಎತ್ತಿದ, ದೈತ್ಯನ ಮುಖ ನೋಡಿದ, ಹಾಗೇ ಕೆಳಗಿಟ್ಟ.

“ಆಗಲ್ಲಪ್ಪಾ. ಇಷ್ಟು ಅಳ್ತಿರೋನಿಗೆ ಹೊಡೆಯೋಕೆ ಕೈ ಬರಲ್ಲ.”

“ಹೊಡೀದಿದ್ರೆ ಸೋಲ್ತೀರಾ ಅಂಕಲ್!”

“ಸೋಲ್ತೀನಿ ಬಿಡಮ್ಮಾ!”

ಅಷ್ಟೇ ಸಾಕಾಯಿತು. ಎಲ್ಲ ಮೇಜಿನಲ್ಲೂ ದೈತ್ಯ ಇಳಿದ, ಹೊಡೆಯಬೇಕಾದವರು ತಲೆ ಕೆರೆದುಕೊಂಡರು. ಯಾರೋ ಪೆನ್ನು ತೆಗೆದು ‘ಆ’ದ ದೀರ್ಘವನ್ನು ಗೀಚಿಹಾಕಿ ‘ಅ’ ಮಾಡಿದರು. ಆ ಪೆನ್ನಿಗಾಗಿ ಕಿತ್ತಾಟವೇ ನಡೆಯಿತು! “ದೈತ್ಯನ್ನ ನಂಗೆ ಕೊಡು, ಇಬ್ಬರು ಮಾಂತ್ರಿಕರನ್ನ ಕೊಡ್ತೀನಿ!” ಎಂಬ ಕೂಗು. ನಾನಂತೂ ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ.

ಯಜಮಾನನೂ ತನ್ನ ಕಾರ್ಡಿಗೆ ಪೆನ್ನಾಡಿಸಿ ಗಂಟಲು ಸರಿಮಾಡಿಕೊಂಡ. “ಉಳಿದ ಕಾರ್ಡೆಲ್ಲಾ ನೀವೇ ಬರೀರಮ್ಮಾ. ಇನ್ಮೇಲೆ ನಾನು ಮೆಸೇಜ್ ಮಾಡಲ್ಲ, ಫೋನೇ ಮಾಡ್ತೀನಿ.”

ಅಕ್ಕ ಮಾತಾಡುವ ಮೊದಲೇ ಹಿಂದಿನ ಕಂಬದ ಮರೆಯಿಂದ ಒಂದು ಬಿಕ್ಕು ಕೇಳಿಸಿತು. ಸಭೆಗೆ ಸಭೆಯೇ ತಿರುಗಿ ನೋಡಿತು. ಡ್ರೈವರ್ ಸಮವಸ್ತ್ರದಲ್ಲಿ ಭಾವ, ಕೆಂಪು ಮೂಗು, ಒದ್ದೆ ಮೀಸೆ, ಕೈಯಲ್ಲಿ ಅಂಗಿಯ ತುದಿ.

ಮಾಂಸದಂಗಡಿಯವನು ಕಾರ್ಡನ್ನು ಅವರ ಮುಖದ ಪಕ್ಕ ಹಿಡಿದು ಒಮ್ಮೆ ಇದನ್ನು ನೋಡಿದ, ಒಮ್ಮೆ ಅವರನ್ನು ನೋಡಿದ.

“ದೈತ್ಯ ಬಂದ್ರು ಕಣ್ರೋ!”

ಸೂರು ಹಾರಿಹೋಗುವಂಥ ಕೇಕೆ. ಭಾವ ಅಂಗಿಯ ತುದಿ ಬಿಟ್ಟು ಎದೆ ಸೆಟೆಸಿ ನಿಂತರು.

“ಹೌದು, ನಾನೇ! ಬರೆದೋಳು ನನ್ನ ಹೆಂಡ್ತಿ!” ಎಂದು ಇನ್ನೂ ಜೋರಾಗಿ ಅತ್ತರು.