ದುರುಗಕ್ಕನ ಬಾನಿಯಾಗಿನ ಗೊದಮೊಟ್ಟೆಗಳು

ಆ ವರ್ಷ ನಮ್ಮ ದುರುಗಕ್ಕಂಗೆ ನಡ ಅಂಬೋದು ನಡ ಆಗಿ ಉಳಿದಿರ್ಲಿಲ್ಲ. ಸ್ವತಂತ್ರ ಬಂದು ಮೂರು ವರ್ಷವೋ ನಾಕು ವರ್ಷವೋ ಆಗಿತ್ತು. ಹಿರಿಯೂರು ಪೇಟೆ ಬೀದ್ಯಾಗೆ ಬಾವುಟ ಏರಿಸಿದ್ದು ನೋಡಾಕೆ ಗಾಡಿ ಕಟ್ಕಂಡು ಹೋಗಿದ್ದನ್ನ ಜನ ಇನ್ನೂ ಮಾತಾಡ್ತಿದ್ರು. ಬಾವುಟ ಬಂತು, ನಮ್ಮ ದಿಬ್ಬದೂರಿಗೆ ನೀರು ಬರ್ಲಿಲ್ಲ. ಮಾರಿಕಣಿವೆ ಕಟ್ಟೆ ನೀರು ಎಲ್ಲೆಲ್ಲಿಗೋ ಹರೀತದೆ, ಏರು ಹತ್ತಲ್ಲ ನೋಡ್ರಿ. ಸೇದೋ ಬಾವಿ ಊರಾಚೆ. ಗಂಡ ಪಾಲಯ್ಯ ಕುರಿ ಹೊಡ್ಕಂಡು ಹೊಸದುರ್ಗದ ಕಡೆ ಹೋದೋನು, ಮುಂಗಾರು ಕಟ್ಟಿದ ಮ್ಯಾಲೇನೆ ತಿರುಗೋದು. ಮನ್ಯಾಗೆ ಉಳಿದೋರು ಇಬ್ರೇ, ದುರುಗಕ್ಕ, ಅವಳತ್ತೆ ಮುದ್ದಕ್ಕ. ಮುದ್ದಕ್ಕ ಕುಂತ ಕಡೆಯಿಂದ ಏಳ್ತಿರ್ಲಿಲ್ಲ, ಬಾಯಿ ಮಾತ್ರ ಊರೆಲ್ಲ ಸುತ್ಕಂಡು ಬರ್ತಿತ್ತು.

ಭರಣಿ ಮಳೆ ಒಂದು ಹದ ಹುಯ್ದು ನಿಂತ್ಕಂತು. ಮಣ್ಣಿನ ಮಾಳಿಗೆ ಮನೆ, ಮುಂಗಾರಿಗೆ ಮುಂಚೆ ಮ್ಯಾಲೆ ಹೊಸ ಮಣ್ಣು ಹಾಕ್ದಿದ್ರೆ ಸೋರ್ತದೆ. ಗಂಡಸರ ಕೆಲ್ಸ ಅದು, ಗಂಡಸು ಊರಾಗಿಲ್ಲ. ದುರುಗಕ್ಕನೇ ಗುದ್ಲಿ, ಪುಟ್ಟಿ ಎತ್ಕಂಡು, ಕುಡಿಯಾಕೆ ಒಂದು ಕೊಡ ನೀರು ಹೊತ್ಕಂಡು ಮಣ್ಣಿನ ಗುಣಿಗೆ ಹೋದ್ಲು. ಗುಣ್ಯಾಗೆ ಮೊಣಕಾಲು ಮಟ್ಟ ಮಳೆನೀರು ನಿಂತಿತ್ತು. ದಂಡೆ ಒಣಗೈತೆ ಅಂತ ಅಲ್ಲೇ ಅಗೆದ್ಲು. ಹತ್ತು ಪುಟ್ಟಿ ಹೊತ್ತು ಹಾಕಿ ಹನ್ನೊಂದನೇದಕ್ಕೆ ಬಂದ್ರೆ, ದಂಡೆ ಕುಸಿದು ನೀರೆಲ್ಲ ಕೆಳಗಲ ಹೊಲಕ್ಕೆ ಇಳಿದೋಗೈತೆ. ತಳದ ಕೆಸರಾಗೆ ಗೊದಮೊಟ್ಟೆಗಳು, ಸಾಸಿವೆ ಚೆಲ್ಲಿದಂಗೆ, ಬಾಲ ಬಡ್ಕಂತಾ ಅವೆ.

ಬ್ಯಾರೆಯೋರಾಗಿದ್ರೆ ಪುಟ್ಟಿ ತುಂಬ್ಕಂಡು ಹೋಗಿಬಿಡೋರು. ದುರುಗಕ್ಕಂಗೆ ಕಾಲು ಕೀಳಾಕೆ ಆಗ್ಲಿಲ್ಲ. ದೇವ್ರು ಒಣಗ್ಸಿದ್ದಲ್ಲ, ಬಿಸಿಲು ಒಣಗ್ಸಿದ್ದಲ್ಲ, ನನ್ನ ಗುದ್ಲಿನೇ ಒಣಗ್ಸಿದ್ದು ಅಂದ್ಕಂಡ್ಲು. ಬೊಗಸೆ ಬೊಗಸೆ ಬಾಚಿ ಆ ಕುಡಿಯೋ ನೀರಿನ ಕೊಡಕ್ಕೇ ತುಂಬ್ಕಂಡ್ಲು. ಹಿತ್ತಲಾಗೆ ಎಮ್ಮೆ ನೀರು ಕುಡಿಯೋ ಕಲ್ಲುಬಾನಿ ಇತ್ತು, ಎಮ್ಮೆ ಸತ್ತ ಮ್ಯಾಲೆ ಸುಮ್ಕೆ ಬಿದ್ದಿತ್ತು. ತಂದು ಅದಕ್ಕೆ ಹುಯ್ದ್ಲು.

"ಏನೇ ಅದು?" ಅಂದ್ಲು ಮುದ್ದಕ್ಕ.

"ಗೊದಮೊಟ್ಟೆ, ಅತ್ತೆ."

"ಥೂ ನಿನ್ನ! ಮನುಷ್ಯರಿಗೆ ನೀರಿಲ್ಲ, ಇವಳು ಕಪ್ಪೆ ಬಾಣಂತನಕ್ಕೆ ನಿಂತಾಳೆ!"

"ಕಾಲು ಬರಾಗಂಟ ಅಷ್ಟೇ ಅತ್ತೆ. ಆಮ್ಯಾಕೆ ಅವೇ ಹೋಗ್ತವೆ."

"ನಿನ್ನ ಕಾಲು ಹೋಗಾಗಂಟ ಅನ್ನು."

ಕುರಿ ಸಾಕೋ ಮನೆತನ ನೋಡ್ರಿ. ತಬ್ಬಲಿ ಮರಿಗೆ ಬಟ್ಟೆ ಬತ್ತಿ ಹಾಲಿಗದ್ದಿ ಚೀಪಿಸಿ ಬದುಕಿಸಿದ ಕೈ ಅದು. ತಾಯಿಲ್ಲದ್ದಕ್ಕೆ ಹಾಲು, ಅವಳಿಗೆ ಗೊತ್ತಿದ್ದು ಅಷ್ಟೇ. ಮೂರನೇ ದಿನ ಮನೆ ಮೇಕೆ ಹಾಲು ಅರ್ಧ ಚೊಂಬು ತಂದು ಬಾನಿಗೆ ಹುಯ್ದ್ಲು. ಬೆಳಗಾಗೆದ್ದು ನೋಡಿದ್ರೆ ನೀರು ಹುಳಿ ನಾರ್ತೈತೆ, ಅರ್ಧಕ್ಕರ್ಧ ಹೊಟ್ಟೆ ಮ್ಯಾಲೆ ಮಾಡ್ಕಂಡು ತೇಲ್ತಾ ಅವೆ. ಕುಂತು ಅತ್ಲು ಅಂತ ಊರಾಗೆ ಅಂದ್ರು. ಪಕ್ಕದ ಹಿತ್ತಲಿಂದ ನಾನೇ ಕಣ್ಣಾರೆ ನೋಡಿದ್ದೆ, ಅಳ್ಲಿಲ್ಲ. ಅಳಾಕೂ ತ್ರಾಣ ಬೇಕಲ್ಲ. ಸತ್ತವನ್ನ ಎತ್ತಿ ಮಣ್ಣು ಮಾಡಿ, ಉಳಿದವನ್ನ ಗಡಿಗ್ಯಾಗೆ ಇಟ್ಟು, ಬಾನಿ ತೊಳೆದು, ಕೊಡ ಎತ್ಕಂಡು ತಿರುಗ ಬಾವಿಗೆ ನಡೆದ್ಲು.

ಬಾವಿ ಹತ್ರ ಕರಿಯಣ್ಣ ಸಿಕ್ಕ. ಹೂಳು ತೆಗೆಯೋನು. ಅವನು ಬಾವಿಗಿಳಿದ್ರೆ ಮ್ಯಾಲೆ ಬರಾಗಂಟ ಹೆಂಡ್ತಿ ಕಟ್ಟೆ ಮ್ಯಾಲೆ ಕುಂತಿರೋಳು, ಹಗ್ಗದ ಮ್ಯಾಲೆ ನಂಬ್ಕೆ ಇಲ್ಲ ಅಂತ. ಹಾಲಿನ ವಿಷ್ಯ ಕೇಳಿ ಗಂಡ ಹೆಂಡ್ತಿ ಇಬ್ರೂ ಬಿದ್ದು ಬಿದ್ದು ನಕ್ರು.

"ಅಲ್ಲ ಕಣಕ್ಕ, ಕಪ್ಪೆಗೆಲ್ಲಾನ ಮೊಲೆ ಐತೇನಕ್ಕ? ಬಾವಿಗಲ್ಲಿನ ಪಾಚಿ ಕೆರ್ಕಂಡು ಹೋಗಿ ಹಾಕು. ಅದೇ ಅವುಕ್ಕೆ ಹೋಳಿಗೆ" ಅಂದ ಕರಿಯಣ್ಣ.

ಅಲ್ಲಿಂದಾಚೆಗೆ ದಿನಾ ಮನೆಗೆ ನಾಕು ಕೊಡ, ಬಾನಿಗೆ ಎರಡು ಕೊಡ, ಮಡ್ಲಾಗೆ ಒಂದು ಹಿಡಿ ಪಾಚಿ. ಬಾನಿಗೆ ಎಷ್ಟು ಹುಯ್ದ್ರೂ ಬಿಸಿಲು ಕುಡಿದು ಅರ್ಧಕ್ಕೇ ನಿಲ್ಸೋದು. ಕೃತ್ತಿಕೆ ಮಳೆ ಬರ್ಲಿಲ್ಲ, ರೋಹಿಣಿ ಮಳೆ ಬರ್ಲಿಲ್ಲ. ಗೊದಮೊಟ್ಟೆಗೆ ಹಿಂದಿನ ಕಾಲು ಬಂದ್ವು, ಮುಂದಿನ ಕಾಲು ಬಂದ್ವು, ಬಾಲ ಕರಗ್ತಾ ಬಂತು. ಬಾನಿ ಗೋಡೆ ಒಂದು ಮೊಳ, ನುಣ್ಣಗೆ. ಹತ್ತಾಕೆ ಹೋಗಿ ಪುಳಕ್ ಅಂತ ಜಾರಿ ಬೀಳ್ತಿದ್ವು. ಎತ್ತಿ ಹೊರಗೆ ಬಿಡಾಣ ಅಂದ್ರೆ ನೆಲ ರೊಟ್ಟಿ ಹಂಚು ಕಾದಂಗೆ ಕಾದೈತೆ. ಒಂದು ಮಳೆ ಬಿದ್ರೆ ನನಗೂ ಬಿಡುಗಡೆ, ಅವುಕ್ಕೂ ಬಿಡುಗಡೆ ಅಂತ ಕಾದ್ಲು.

ಮಿರಗಾ ಮಳೆಯೂ ಹುಸಿಯಾದಾಗ ಊರ ಹೆಂಗಸ್ರು ಕಪ್ಪೆ ಹೊರಾಣ ಅಂದ್ರು. ಒನಕೆಗೆ ಬೇವಿನ ಸೊಪ್ಪು ಸುತ್ತಿ, ಅದಕ್ಕೊಂದು ಕಪ್ಪೆ ಕಟ್ಟಿ ಮನೆ ಮನೆ ಮುಂದೆ ಹೊತ್ಕಂಡು ಹೋಗೋದು, ಮನೆಯೋರು ಅದ್ರ ಮ್ಯಾಲೆ ಒಂದು ಚೊಂಬು ನೀರು ಹುಯ್ಯೋದು. ಹಂಗೆ ಮಾಡಿದ್ರೆ ಮಳೆ ಬರ್ತದೆ ಅಂಬೋದು. ಕಪ್ಪೆ ಎಲ್ಲೈತೆ ಆ ಬ್ಯಾಸಿಗ್ಯಾಗೆ? ಮುದ್ದಕ್ಕ ಮೊದ್ಲೇ ಮಾತು ಕೊಟ್ಬಿಟ್ಟಿದ್ಲು, "ನಮ್ಮ ಹಿತ್ತಲಾಗೆ ಕಪ್ಪೆ ಸಂತೆನೇ ಐತೆ, ಬರ್ರೇ" ಅಂತ.

ಮಟಮಟ ಮಧ್ಯಾಹ್ನ, ಇಂಥದ್ದಕ್ಕೆಲ್ಲ ಮುಂದಾಗೋ ಹುಚ್ಚಕ್ಕ ಒನಕೆ ಹಿಡ್ಕಂಡು ಮುಂದೆ, ಹೆಂಗಸ್ರೆಲ್ಲ ಹಿಂದೆ. ದುರುಗಕ್ಕ ಬಾನಿಗೆ ಅಡ್ಡ ನಿಂತ್ಕಂಡ್ಲು.

"ಕಟ್ಟಾಕೆ ಕೊಡಲ್ಲಕ್ಕ. ಹೆಬ್ಬೆಟ್ಟಿನ ಉಗುರಷ್ಟಿಲ್ಲ. ದಾರ ಬಿಗಿದ್ರೆ ಎರಡು ತುಂಡಾಗ್ತವೆ."

"ಊರಿಗೆ ಮಳೆ ಬ್ಯಾಡ್ವೇನೇ ನಿಂಗೆ?" ಅಂದ್ಲು ಹುಚ್ಚಕ್ಕ.

ದುರುಗಕ್ಕನಿಂದ ಮಳೆ ಹೋಯ್ತು ಅಂತ ಒಂದು ಮಾತು ಹುಟ್ಟಿದ್ರೆ, ಸಾಯಾಗಂಟ ಬಾವಿ ಹತ್ರ ಯಾರೂ ಅವಳಿಗೆ ಹಗ್ಗ ಕೊಡಲ್ಲ. ಅವಳಿಗೂ ಗೊತ್ತು. ನಿಂತು ನಿಂತು ಸಾಕಾಗಿ ಬಾನಿ ಅಂಚಿನ ಮ್ಯಾಲೆ ಕುಂತ್ಕಂಡ್ಲು.

"ಒಂದು ಕಪ್ಪೆ ಯಾಕಕ್ಕ, ಇಲ್ಲಿ ಅರವತ್ತು ಅವೆ. ಕಪ್ಪೆ ಹೊತ್ಕಂಡು ಮನೆ ಮನೆಗೆ ಹೋಗೋ ಬದ್ಲು, ನೀರು ಹೊತ್ಕಂಡು ಇಲ್ಲಿಗೇ ಬರ್ರಿ. ಹುಯ್ರಿ. ನಂಗೂ ಹೊತ್ತು ಸಾಕಾಗೈತೆ."

ಆಗ ಒಳಗಿಂದ ಮುದ್ದಕ್ಕನ ಕೂಗು ಬಂತು.

"ಸರಿಯಾಗೇ ಹೇಳ್ತಾಳೆ ಕಣ್ರೇ! ನಮ್ಮತ್ತೆ ಕಾಲ್ದಾಗೆ ಬಾನಿಗೇ ಹುಯ್ತಿದ್ದಿದ್ದು. ಒನಕೆಗೆ ಕಟ್ಟೋದು ಆಮ್ಯಾಲೆ ಬಂದಿದ್ದು."

ಹಸೀ ಸುಳ್ಳು. ಆದ್ರೆ ಮುದ್ದಕ್ಕನಷ್ಟು ವಯಸ್ಸಾದೋರು ಅಲ್ಲಿ ಇನ್ನೊಬ್ರು ಇರ್ಲಿಲ್ಲ, ಅಲ್ಲ ಅನ್ನಾಕೆ. ಸೊಸೆನ ಬೈಯೋದು ತನ್ನ ಹಕ್ಕು, ಊರಿನೋರ ಹಕ್ಕಲ್ಲ ಅಂಬೋಳು ಅವಳು.

ಬಂದ್ರು. ಒಬ್ರು ಚೊಂಬು, ಒಬ್ರು ಬಿಂದಿಗೆ. ನಲವತ್ತು ಮನೆ ನೀರು ಬಿದ್ದು ಬಾನಿ ಕಂಠಮಟ್ಟ ಆಯ್ತು, ತುಳುಕ್ತು, ಹಿತ್ತಲೆಲ್ಲ ರೊಜ್ಜು. ಮರಿಗಳು ನೀರಿನ ಜೊತೆ ಮ್ಯಾಲೆ ತೇಲಿ ಬಂದು ಅಂಚು ಹತ್ತಿದ್ವು, ಕೆಳಗೆ ನೆಗೆದ್ವು, ಬಚ್ಚಲ ನೀರು ಹೋಗೋ ಕಡೆ, ನುಗ್ಗೆ ಬುಡದ ಸಂದಿಗೆ. ಹೆಂಗಸ್ರು ಸೀರೆ ಎತ್ಕಂಡು ಕಿರುಚಿದ್ದೇ ಕಿರುಚಿದ್ದು. ದುರುಗಕ್ಕ ಕುಂತಿದ್ದೋಳು ಏಳ್ಲಿಲ್ಲ. ಅವಳ ಪಾದದ ಮ್ಯಾಲೇ ಒಂದು ಹತ್ತಿ ಇಳಿದು ಹೋಯ್ತು, ಸುಮ್ಕೆ ನೋಡ್ತಿದ್ಲು.

ಮಳೆನಾ? ಒಂಬತ್ತು ದಿನಕ್ಕೆ ಬಂತು, ಹೊಳಲ್ಕೆರೆ ಕಡೆ. ನಮ್ಮೂರಿಗೆ ಬರೇ ಗಾಳಿ. ಹುಚ್ಚಕ್ಕ ಆಕಾಶಕ್ಕೆ ಬೈಕಂಡ್ಲು, ದುರುಗಕ್ಕಂಗೆ ಏನೂ ಅನ್ಲಿಲ್ಲ. ನೀರು ಹುಯ್ದೋರೆಲ್ಲ ತಾವೇ ಅಲ್ವಾ.

ಕಪ್ಪೆ ಹೋದ ಮಾರನೇ ದಿನ ಬಾವಿಯಿಂದ ನಾಕು ಕೊಡ ಹೊತ್ತು, ಐದನೇದಕ್ಕೆ ಹೊರಟೋಳು ಬಾಗ್ಲಾಗೇ ನಿಂತ್ಕಂಡ್ಲು. ಬ್ಯಾಡ ಇವತ್ತು ಅಂತ ನೆನಪಾಗಿ ಕೊಡ ಇಳಿಸಿ ಹಿತ್ತಲಿಗೆ ಹೋದ್ಲು. ತುಂಬಿದ ಬಾನ್ಯಾಗೆ ಇನ್ನೂ ಬಾಲ ಕರಗದಿರೋವು ಒಂಬತ್ತೋ ಹತ್ತೋ ಉಳಿದಿದ್ವು.

"ನೀವಿನ್ನೂ ಇದ್ದೀರೇನ್ರೋ" ಅಂದು, ಅವುಕ್ಕೆ ಪಾಚಿ ತರಾಕೆ ಬರಿಗೈಯಾಗೆ ನಿಧಾನಕ್ಕೆ ಬಾವಿ ಕಡೆ ಹೋದ್ಲು.