ಏರಿನಲ್ಲಿ ನಿಲ್ಲುತ್ತಿದ್ದ ಲಾರಿ

ನಮ್ಮ ಲಾರಿ ಬಿಸಿಯಾಗುತ್ತಿದ್ದುದು ಒಂದೇ ಜಾಗದಲ್ಲಿ. ನುಗ್ಗೇಹಳ್ಳಿ ಕಡೆ ತೆಂಗಿನಕಾಯಿ ತುಂಬಿಕೊಂಡು ಕೊಣನೂರಿಗೆ ಹೊರಟರೆ ಹೊಳೆನರಸೀಪುರ ದಾಟುವ ತನಕ ಮೀಟರಿನ ಮುಳ್ಳು ಅಲ್ಲಾಡದು. ಅರಕಲಗೂಡಿನ ದಾರಿಯಲ್ಲಿ ಒಂದು ಏರಿದೆ. ಅಲ್ಲಿಗೆ ಬಂದೊಡನೆ ಸರಸರನೆ ಕೆಂಪಿಗೆ ಹತ್ತಿಬಿಡುವುದು. ಹೋದ ವರ್ಷ ನನ್ನಣ್ಣ ಇದೇ ಲಾರಿಯನ್ನು ಅದೇ ಏರಿನಲ್ಲಿ ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ಮೇಲೆ ತಲೆಯಿಟ್ಟವನು ಏಳಲೇ ಇಲ್ಲ. ಎದೆ ನಿಂತುಹೋಗಿತ್ತು.

ಆಮೇಲೆ ಗಾಡಿ ನನ್ನ ಕೈಗೆ ಬಂತು. ಪ್ರತಿ ಲೋಡಿಗೂ ಅತ್ತಿಗೆ ಜೊತೆಗೆ ಹತ್ತುತ್ತಿದ್ದರು. ಏರಿನಲ್ಲಿ ಗಾಡಿ ನಿಂತೊಡನೆ ಇಳಿದು, ರಸ್ತೆಬದಿಯ ಕಲ್ಲಿನ ಮೇಲೆ ಅಣ್ಣನಿಗೆ ಎಡೆ ಇಡುವರು: ಫ್ಲಾಸ್ಕಿನ ಕಾಫಿ, ಎರಡು ಚಕ್ಕುಲಿ, ಹಚ್ಚಿದ ಒಂದು ಬೀಡಿ. ಇಟ್ಟ ಮೇಲೆ ನಾವು ಬೆನ್ನು ತಿರುಗಿಸಿ ಕೂರಬೇಕು, ಸತ್ತವರು ಉಣ್ಣುವುದನ್ನು ನೋಡಬಾರದು. ಸಾಕಷ್ಟು ಹೊತ್ತು ಕೂತೆದ್ದು ಕೀಲಿ ತಿರುಗಿಸಿದರೆ ಗಾಡಿ ಏನೂ ಆಗದಂತೆ ಹೊರಡುವುದು.

ಒಂದು ದಿನ ನನಗೆ ರೇಗಿತು. ಎಡೆಯೂ ಬೇಡ ಗಿಡೆಯೂ ಬೇಡ ಎಂದು ಹಾಗೇ ಎಳೆದೆ. ನಾಲ್ಕು ಮಾರು ಹೋಗುವಷ್ಟರಲ್ಲಿ ರೇಡಿಯೇಟರ್ ಕುದಿದು ಉಕ್ಕಿತು.

“ನಾನ್ ಏಳ್ಲಿಲ್ವಾ? ನಿಮ್ಮಣ್ಣ ಕೈ ಅಡ್ಡ ಇಟ್ಟವ್ರೆ” ಎಂದರು ಅತ್ತಿಗೆ.

ಅವತ್ತು ಕೊನೆಗೆ ಎಡೆಯಿಟ್ಟು ಕೂತಾಗ, ಬೆನ್ನ ಹಿಂದೆ ಯಾರೋ ಸೊರ್ ಎಂದು ಕಾಫಿ ಹೀರಿದ್ದು ನನಗೂ ಕೇಳಿಸಿತು. ಸುಳ್ಳು ಹೇಳಿ ನನಗೇನಾಗಬೇಕು?

ಥರ್ಮೋಸ್ಟಾಟ್ ಬದಲಿಸಿದೆ, ರೇಡಿಯೇಟರ್ ತೊಳೆಸಿದೆ. ಊಹೂಂ. ಒಂದು ಮಧ್ಯಾಹ್ನ ಲೋಡು ಇಳಿಸಿ ಬಂದವನು ಮನೆ ಮುಂದೆ ಕ್ಯಾಬಿನ್ ಬಾಗಿಸಿ ನೋಡುತ್ತಿದ್ದೆ. ಇಂಜಿನ್ ಇನ್ನೂ ಸುಡುತ್ತಿತ್ತು, ಆದರೆ ಆಫ್ ಆಗಿತ್ತು. ಬೆಲ್ಟು ಕದಲಿರಲಿಲ್ಲ. ಎದುರಿನ ಹೊಂಗೆಮರದಲ್ಲಿ ಎಲೆ ಅಲುಗುತ್ತಿರಲಿಲ್ಲ. ಫ್ಯಾನು ಮಾತ್ರ ತನ್ನಷ್ಟಕ್ಕೆ ತಾನು, ನಿಧಾನವಾಗಿ, ತಿರುಗತೊಡಗಿತು.

“ಬಂದವ್ರೆ ಕಣಪ್ಪ” ಎಂದು ಜಗಲಿಯ ಮೇಲಿದ್ದ ಅತ್ತಿಗೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

ನಾನು ಬೆರಳು ಅಡ್ಡ ಇಟ್ಟೆ, ನಿಂತಿತು. ಸ್ವಲ್ಪ ತಳ್ಳಿದೆ. ಮಕ್ಕಳ ಗಿರಗಟ್ಟೆಯ ಹಾಗೆ ಗಿರ್ರನೆ ಸುತ್ತಿತು. ಆಗ ಹೊಳೆಯಿತು ನೋಡಿ! ಫ್ಯಾನಿಗೆ ಒಂದು ಕ್ಲಚ್ ಇರುತ್ತದೆ. ಬಿಸಿಯಾದಾಗ ಅದರೊಳಗಿನ ಗಟ್ಟಿ ಎಣ್ಣೆ ಫ್ಯಾನನ್ನು ಹಿಡಿದುಕೊಂಡು ಜೋರಾಗಿ ತಿರುಗಿಸಬೇಕು. ನಮ್ಮದರ ಎಣ್ಣೆ ಸೋರಿ, ಮೇಲೆ ಧೂಳು ಮೆತ್ತಿಕೊಂಡಿತ್ತು; ಹಿಡಿತ ತಪ್ಪಿದ ಫ್ಯಾನು ಇಂಜಿನ್ನಿನಿಂದ ಮೇಲೇಳುವ ಬಿಸಿಗಾಳಿಗೇ ತಿರುಗುವಷ್ಟು ಸಡಿಲವಾಗಿತ್ತು. ಸಪಾಟು ರಸ್ತೆಯಲ್ಲಿ ಎದುರುಗಾಳಿಯೇ ಸಾಕು, ಲೋಡು ಹೊತ್ತು ತೆವಳುವ ಏರಿನಲ್ಲಿ ಫ್ಯಾನು ಬೇಕೇ ಬೇಕು. ನಾವು ಬೆನ್ನು ತಿರುಗಿಸಿ ಕೂತಷ್ಟು ಹೊತ್ತಿನಲ್ಲಿ ಇಂಜಿನ್ ತಾನಾಗೇ ತಣ್ಣಗಾಗುತ್ತಿತ್ತು.

ಇದನ್ನೆಲ್ಲ ಅತ್ತಿಗೆಗೆ ಬಿಡಿಸಿ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

“ಅದನ್ನ ಮುಟ್ಬ್ಯಾಡ. ಆ ಏರಲ್ಲೂ ಗಾಡಿ ನಿಲ್ಲದಿದ್ರೆ ಅವ್ರು ನಂಗೆ ಇನ್ನೆಲ್ಲಿ ಸಿಕ್ತಾರೆ?”

“ಇಂಜಿನ್ ಸೀಜಾಗಿ ಕೆಟ್ಟು ಕೂತ್ರೆ ಇಬ್ಬರ ಮನೇನೂ ಮುಳುಗೋಯ್ತದೆ ಕಣತ್ಗೆ” ಎಂದೆ. ಗದರಿದ ಹಾಗೇ ಇತ್ತು.

ಹಾಸನದಿಂದ ಹೊಸ ಕ್ಲಚ್ ತಂದೆ. ಬ್ಯಾಟರಿ ವೈರು ಬಿಚ್ಚಿ, ಫ್ಯಾನಿನ ಸುತ್ತಲಿನ ಕವರು ತೆಗೆದು, ನಡುವಿನ ದಪ್ಪ ನಟ್ಟಿಗೆ ಸ್ಪ್ಯಾನರ್ ಹಾಕಿದೆ. ಆ ನಟ್ಟು ಉಲ್ಟಾ ತಿರುಗುವಂಥದ್ದು. ಮೈಭಾರವೆಲ್ಲ ಬಿಟ್ಟರೂ ಜಪ್ಪಯ್ಯ ಅನ್ನಲಿಲ್ಲ. ಒಳಗಿನಿಂದ ಯಾರೋ ಬಿಗಿ ಹಿಡಿದಿದ್ದಾರೆ ಅನ್ನಿಸಿ ಬೆವರು ಇಳಿಯಿತು. “ಬಿಡಣ್ಣ, ಸಾಕು” ಎಂದು ಬಾಯಿಂದ ಬಂದೇಬಿಟ್ಟಿತು. ಮತ್ತೊಮ್ಮೆ ಒತ್ತಿದಾಗ ನಟ್ಟು ಸಡಿಲವಾಯಿತು. ಜಗಲಿಯ ಮೇಲೆ ಕೂತು ನೋಡುತ್ತಿದ್ದ ಅತ್ತಿಗೆ ಎದ್ದು ಒಳಗೆ ಹೋದರು.

ಮುಂದಿನ ಲೋಡಿಗೆ ಅವರು ಎಂದಿನಂತೆ ಫ್ಲಾಸ್ಕು ಹಿಡಿದು ಹತ್ತಿದರು. ಏರು ಬಂತು. ಫ್ಯಾನು ಭೋರೆಂದು ಗಾಳಿ ಎಳೆಯತೊಡಗಿತು, ಮುಳ್ಳು ಅರ್ಧದಿಂದ ಮೇಲೇಳಲಿಲ್ಲ. ಅತ್ತಿಗೆಯ ಕಣ್ಣು ಆ ಮುಳ್ಳಿನ ಮೇಲೇ ಇತ್ತು. ಎಡೆ ಇಡುವ ಕಲ್ಲು ಹತ್ತಿರವಾಯಿತು. ತಡೆಯಲಾರದೆ ಬ್ರೇಕ್ ಒತ್ತಿ ಗಾಡಿ ಪಕ್ಕಕ್ಕೆ ಹಾಕಿದೆ.

“ಇಳೀರಿ ಅತ್ಗೆ, ಎಡೆ ಇಡಿ.”

ಅವರು ಇಳಿಯಲಿಲ್ಲ. “ನಿಲ್ಸಿದ್ದು ನೀನಲ್ವಾ?”

“ಊಂ.”

ಅಣ್ಣನ ಹೆಣದ ಮುಂದೆ ಒಂದು ತೊಟ್ಟು ಕಣ್ಣೀರು ಹಾಕದ ಹೆಂಗಸು ಫ್ಲಾಸ್ಕನ್ನು ಎದೆಗವಚಿಕೊಂಡು ಗೋಳೋ ಎಂದು ಅತ್ತುಬಿಟ್ಟರು.

“ಇವತ್ತು ಒಂಟೋದ್ರು ಕಣಪ್ಪ” ಎಂದರು, “ನಿಜವಾಗ್ಲೂ ಒಂಟೋದ್ರು.”